ಕೆಂಪು ಗೆರೆಯ ಗುಳಿಗೆ



ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಅಂಕಪಟ್ಟಿ ಬರೆದ ನನಗೆ ಯಾವ ಪಟ್ಟಿಯನ್ನು ಕಂಡರೂ ಮೊದಲು ಕಣ್ಣು ಹೋಗುವುದು ಕೊನೆಯ ಕಾಲಮಿನ ಮೇಲೆ. 2019ರ ಚಳಿಗಾಲದಲ್ಲಿ ನನ್ನ ಮಡದಿಗೆ ಬಿಟ್ಟು ಬಿಟ್ಟು ಜ್ವರ, ನಡುಕ, ಸೊಂಟದ ಮೇಲ್ಭಾಗದಲ್ಲಿ ನೋವು. ಮೂತ್ರದ ಸೋಂಕು ಎಂದರು. ಎರಡು ಬಗೆಯ ಗುಳಿಗೆ ನುಂಗಿ, ಐದು ದಿನ ಸೂಜಿ ಹಾಕಿಸಿಕೊಂಡರೂ ಜ್ವರ ಇಳಿಯಲಿಲ್ಲ. ಕೊನೆಗೆ ದೊಡ್ಡ ಊರಿನ ದವಾಖಾನೆಯೊಂದಕ್ಕೆ ಕರೆದೊಯ್ದಾಗ ಅಲ್ಲಿ ಮೂತ್ರದೊಳಗಿನ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಯಾವ ಔಷಧಕ್ಕೆ ಅದು ಸಾಯುತ್ತದೆ ಎಂಬುದನ್ನು ಪರೀಕ್ಷಿಸಿದರು. ಮೂರನೆಯ ದಿನ ವರದಿ ಬಂತು. ಎಡಕ್ಕೆ ಹದಿನೆಂಟು ಔಷಧಗಳ ಹೆಸರು, ಬಲಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ‘ಎಸ್’ ಎಂದಿದ್ದರೆ ರೋಗಾಣು ಆ ಔಷಧಕ್ಕೆ ಮಣಿಯುತ್ತದೆ, ‘ಆರ್’ ಎಂದಿದ್ದರೆ ಮಣಿಯುವುದಿಲ್ಲ. ನಾನು ಬೆರಳಿಟ್ಟು ಎಣಿಸಿದೆ. ಹದಿನೈದು ‘ಆರ್’, ಮೂರು ‘ಎಸ್’. ನನ್ನ ಶಾಲೆಯ ಯಾವ ವರ್ಷದ ಯಾವ ತರಗತಿಯ ಫಲಿತಾಂಶವೂ ಇಷ್ಟು ಕೆಟ್ಟದ್ದಾಗಿರಲಿಲ್ಲ.

ಉಳಿದ ಮೂರರಲ್ಲಿ ಒಂದನ್ನು ಹತ್ತು ದಿನ ರಕ್ತನಾಳದ ಮೂಲಕ ಕೊಟ್ಟರು. ಆ ವರ್ಷದ ಸೋಯಾ ಮತ್ತು ತೊಗರಿಯ ಹಣವೆಲ್ಲ ಅಲ್ಲಿಗೆ ಹೋಯಿತು. ಅವಳು ಗುಣವಾಗಿ ಮನೆಗೆ ಬಂದಳು, ಅದು ದೊಡ್ಡದು. ಆದರೆ ಅಲ್ಲಿಯ ವೈದ್ಯರು ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ಇದಕ್ಕೆ ಮೊದಲು ಇವರು ಯಾವ ಯಾವ ಆಂಟಿಬಯೋಟಿಕ್ ತೆಗೆದುಕೊಂಡಿದ್ದಾರೆ?” ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ನೆಗಡಿಗೆ ಒಂದು, ಹಲ್ಲುನೋವಿಗೆ ಒಂದು, ಮಗಳ ಮದುವೆಯ ಓಡಾಟದಲ್ಲಿ ಬಂದ ಭೇದಿಗೆ ಒಂದು. ಬಿಳಿಯದು, ಹಳದಿಯದು, ಕೆಂಪು-ಕಪ್ಪು ಕ್ಯಾಪ್ಸೂಲು. ಬಣ್ಣ ನೆನಪಿದೆ, ಹೆಸರು ನೆನಪಿಲ್ಲ. ಚೀಟಿಯಂತೂ ಒಂದೂ ಇಲ್ಲ. ಎಷ್ಟೋ ಸಲ ಚೀಟಿ ಎಂಬುದೇ ಇರಲಿಲ್ಲ.

ನಾನು ಇತಿಹಾಸದ ಮಾಸ್ತರ. ಯುದ್ಧವಾಗಲಿ ಕ್ರಾಂತಿಯಾಗಲಿ, ‘ಕಾರಣಗಳನ್ನು ವಿವರಿಸಿ’ ಎಂದು ಪ್ರಶ್ನೆಪತ್ರಿಕೆಯಲ್ಲಿ ಹಾಕುವುದು ನಮ್ಮ ಕಸುಬು. ಆ ಹದಿನೈದು ‘ಆರ್’ಗಳಿಗೆ ಕಾರಣಗಳೇನು ಎಂದು ದವಾಖಾನೆಯ ಬೆಂಚಿನ ಮೇಲೆ ಕುಳಿತು ಯೋಚಿಸಿದಾಗ ಮೊದಲು ನೆನಪಾದದ್ದು ನನ್ನದೇ ಮೇಜಿನ ಕೆಳಗಿನ ತಗಡಿನ ಪೆಟ್ಟಿಗೆ. ಶಾಲೆಯ ಪ್ರಥಮ ಚಿಕಿತ್ಸೆಯ ಉಸ್ತುವಾರಿ ಬಹಳ ವರ್ಷ ನನ್ನದಾಗಿತ್ತು. ಅಯೋಡಿನ್, ಹತ್ತಿ, ಪಟ್ಟಿ ಸರ್ಕಾರದ್ದು. ಅದರ ಜೊತೆಗೆ ನನ್ನ ಔದಾರ್ಯದ್ದೂ ಒಂದಿಷ್ಟು. ಮನೆಯಲ್ಲಿ ಯಾರಾದರೂ ಅರ್ಧಕ್ಕೆ ಬಿಟ್ಟ ಗುಳಿಗೆಗಳನ್ನು ಆ ಪೆಟ್ಟಿಗೆಗೆ ಹಾಕುತ್ತಿದ್ದೆ. ಹುಡುಗರಿಗೆ ಗಂಟಲು ನೋವೆಂದರೆ ಎರಡು ಕ್ಯಾಪ್ಸೂಲು, ಗಾಯವಾದರೆ ಎರಡು. “ಸರ್ ಕೈಗುಣ ಒಳ್ಳೇದು” ಎಂದು ಪಾಲಕರು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಯಾರಿಗೂ ಕೇಡಾಗಲಿಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಆಗುವ ಕೇಡು ಅದೇ ದಿನ ಅದೇ ಮಗುವಿಗೇ ಆಗಬೇಕೆಂದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎಂದೆ. ಆದರೆ ಜಗತ್ತಿಗೆ ಗೊತ್ತಿತ್ತು, ಅದೂ ನಾನು ಹುಟ್ಟುವುದಕ್ಕೆ ಮೊದಲೇ. 1928ರಲ್ಲಿ ಪೆನ್ಸಿಲಿನ್ನನ್ನು ಕಂಡ ಅಲೆಗ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡುವಾಗ ಒಂದು ಕಲ್ಪಿತ ಕತೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ಅಂಗಡಿಯಿಂದ ಪೆನ್ಸಿಲಿನ್ ತಂದು ತಾನೇ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತಾನೆ. ಆ ಪ್ರಮಾಣ ರೋಗಾಣುವನ್ನು ಕೊಲ್ಲಲು ಸಾಲದು. ಔಷಧವನ್ನು ತಾಳಿಕೊಳ್ಳುವುದನ್ನು ಅದಕ್ಕೆ ಕಲಿಸಲು ಮಾತ್ರ ಸಾಕು. ಕಲಿತ ರೋಗಾಣು ಹೆಂಡತಿಗೆ ಅಂಟುತ್ತದೆ. ಅವಳಿಗೆ ವೈದ್ಯರು ಪೆನ್ಸಿಲಿನ್ ಕೊಟ್ಟರೂ ಉಪಯೋಗವಾಗದೆ ಅವಳು ತೀರಿಕೊಳ್ಳುತ್ತಾಳೆ. ಆ ಸಾವಿಗೆ ಹೊಣೆ ಗಂಡನೇ ಎಂಬುದು ಫ್ಲೆಮಿಂಗರ ತೀರ್ಪು. ಔಷಧ ಸಾಮಾನ್ಯರ ಕೈಗೆ ಬರತೊಡಗಿದ ಹೊತ್ತಿಗೇ ಅದನ್ನು ಕಂಡುಹಿಡಿದವರು ಹೇಳಿದ ಕತೆಯಿದು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಅದಕ್ಕೆ ನಾಲ್ಕೇ ವರ್ಷ ಹಿಂದೆ ಆ ಔಷಧ ಎಷ್ಟು ದುರ್ಲಭವಾಗಿತ್ತೆಂದರೆ, 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸನಿಗೆ ಅದನ್ನು ಕೊಟ್ಟಾಗ, ಅವನ ಮೂತ್ರದಲ್ಲಿ ಹೊರಬಂದ ಪೆನ್ಸಿಲಿನ್ನನ್ನು ಸೋಸಿ ಮತ್ತೆ ಅವನಿಗೇ ಚುಚ್ಚಿದರು. ಅವನು ಚೇತರಿಸಿಕೊಳ್ಳುತ್ತಿದ್ದ. ಔಷಧ ಮುಗಿಯಿತು. ಮಾರ್ಚ್ ತಿಂಗಳಲ್ಲಿ ತೀರಿಕೊಂಡ.

ಭಾರತದಲ್ಲಿ 1954ರಲ್ಲಿ ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದಕ್ಕೆ ನೆರವಾದವು. ಅಲ್ಲಿಯ ಸಂಶೋಧನ ವಿಭಾಗದ ಮುಖ್ಯಸ್ಥರಾಗಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ರೂಪಿಸಿದವರು ನಮ್ಮ ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್ ಎಂಬುದನ್ನು ಎಷ್ಟು ಕನ್ನಡಿಗರು ಬಲ್ಲರೋ ತಿಳಿಯದು. 1967ರ ಭಟ್ನಾಗರ್ ಪ್ರಶಸ್ತಿ ಅವರಿಗೆ ಬಂದಿತ್ತು. ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿ ಸ್ಥಾಪನೆಯಾದದ್ದು 1981ರಲ್ಲಿ. ಹೀಗೆ ಒಂದು ಕಾಲದಲ್ಲಿ ಮೂತ್ರದಿಂದ ಸೋಸಿ ತೆಗೆದ ವಸ್ತು ನಮ್ಮ ಕಮಲನಗರದ ಸಂತೆಯ ದಿನ ಚೀಲದಲ್ಲಿ ಸೊಪ್ಪಿನ ಜೊತೆಗೆ ಮನೆಗೆ ಬರುವಷ್ಟು ಸುಲಭವಾಯಿತು. ಇದು ಸಣ್ಣ ಸಾಧನೆಯಲ್ಲ. ಹೆರಿಗೆಯ ನಂಜಿನಿಂದ, ಕೂಸುಗಳ ಎದೆಗಪ್ಪಿನಿಂದ ಸಾಯುತ್ತಿದ್ದವರು ಉಳಿದರು. ಆಂಟಿಬಯೋಟಿಕ್ಕನ್ನು ದೂರುವ ಮುನ್ನ ನಮ್ಮ ಅಜ್ಜಿಯರು ಎಷ್ಟು ಹೆತ್ತರು, ಎಷ್ಟು ಉಳಿದರು ಎಂದು ಒಮ್ಮೆ ಲೆಕ್ಕ ಹಾಕಬೇಕು.

ಆದರೆ ಈ ಕತೆಯಲ್ಲಿ ನನಗೆ ಅತ್ಯಂತ ಹತ್ತಿರದ ಅಧ್ಯಾಯ ಕ್ಷಯರೋಗದ್ದು. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆಯಿತು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ ಪ್ರಕಟಿಸಿದ ಪ್ರಯೋಗದಲ್ಲಿಯೇ ಅದರ ದೌರ್ಬಲ್ಯವೂ ಬಯಲಾಗಿತ್ತು: ರೋಗಿಗಳು ಮೊದಲ ತಿಂಗಳುಗಳಲ್ಲಿ ಸುಧಾರಿಸಿದರು, ಅನಂತರ ಹಲವರಲ್ಲಿ ರೋಗಾಣು ಔಷಧಕ್ಕೆ ಬಗ್ಗದಾಯಿತು. ಒಂದೇ ಔಷಧ ಕೊಡಬಾರದು, ಎರಡು ಮೂರನ್ನು ಕೂಡಿಸಿಯೇ ಕೊಡಬೇಕು ಎಂಬ ಪಾಠ ಅಲ್ಲಿಂದ ಬಂತು. 1956ರಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವು, ಆರೋಗ್ಯಧಾಮದಲ್ಲಿ ಮಲಗಿಸಿ ಕೊಟ್ಟ ಚಿಕಿತ್ಸೆಗೂ ಬಡವರ ಮನೆಯಲ್ಲಿಯೇ ಕೊಟ್ಟ ಚಿಕಿತ್ಸೆಗೂ ಫಲದಲ್ಲಿ ಹೆಚ್ಚು ಅಂತರವಿಲ್ಲವೆಂದು ತೋರಿಸಿತು. ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಇಡೀ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ, 1962ರಲ್ಲಿ ಬಂದದ್ದಕ್ಕೆ, ನಕ್ಷೆ ಬರೆದದ್ದು ಅಲ್ಲಿ.

ಆ ಸಂಸ್ಥೆಯ ಕೆಲಸಗಳಲ್ಲಿ ಒಂದನ್ನು ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಯೂ ಓದಬೇಕು ಎಂದು ನನಗೆ ತೋರುತ್ತದೆ. ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಹುಡುಕಿ ಮಾತನಾಡಿಸಿ 1963ರಲ್ಲಿ ವರದಿ ಬರೆದರು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮಿದರೂ ದವಾಖಾನೆಗೆ ಬರುವುದಿಲ್ಲ ಎಂಬುದು ಅಂದಿನ ಪಟ್ಟಣದವರ ನಂಬಿಕೆ. ತುಮಕೂರಿನಲ್ಲಿ ಕಂಡದ್ದು ಬೇರೆ. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಮೈಯ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ದವಾಖಾನೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರ ಕಫ ಪರೀಕ್ಷಿಸದೆ, ಒಂದು ಬಾಟಲಿ ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದ್ದರು. ತಪ್ಪು ಬಾಗಿಲಿನ ಹೊರಗಿರಲಿಲ್ಲ, ಒಳಗಿತ್ತು. ಅರುವತ್ತು ವರ್ಷಗಳ ಹಿಂದಿನ ಆ ಬಾಟಲಿಯ ಜಾಗದಲ್ಲಿ ಇಂದು ಆಂಟಿಬಯೋಟಿಕ್ ಬಂದು ಕುಳಿತಿದೆ. ಪರೀಕ್ಷಿಸದೆ ಕೊಟ್ಟು ಕಳುಹಿಸುವ ರೂಢಿ ಮಾತ್ರ ಹಾಗೆಯೇ ಇದೆ.

ನನ್ನ ದೊಡ್ಡಪ್ಪನ ಕೆಮ್ಮು ನನಗೆ ಚೆನ್ನಾಗಿ ನೆನಪಿದೆ. ನಾನು ಆಗ ಎಂಟನೆಯ ಇಯತ್ತೆ. ಎಪ್ಪತ್ತರ ದಶಕದ ನಡುಭಾಗ. ಹನ್ನೆರಡರಿಂದ ಹದಿನೆಂಟು ತಿಂಗಳ ಚಿಕಿತ್ಸೆ. ಮೊದಲಿಗೆ ಸೂಜಿ, ಆಮೇಲೆ ದಿನವೂ ಗುಳಿಗೆ. ಸೂಜಿಗೆಂದು ಅವರು ಎತ್ತಿನ ಗಾಡಿಯಲ್ಲಿ, ಕೆಲವೊಮ್ಮೆ ನಡೆದೇ ಹೋಗಿ ಬರುತ್ತಿದ್ದರು. ನಾಲ್ಕು ತಿಂಗಳಲ್ಲಿ ಕೆಮ್ಮು ನಿಂತಿತು, ಮೈಯಲ್ಲಿ ಮಾಂಸ ತುಂಬಿತು. “ಆರಾಮ ಆತಲ್ಲ, ಇನ್ಯಾಕ ಗುಳಿಗಿ” ಎಂದು ಬಿಟ್ಟರು. ರಾಶಿಯ ಕಾಲ ಬೇರೆ. ಹೊಲದ ಜೋಳ ಯಾರಿಗೂ ಕಾಯುವುದಿಲ್ಲ. ಅವರು ಏಕೆ ಬರುತ್ತಿಲ್ಲ ಎಂದು ಯಾರೂ ಮನೆಯವರೆಗೆ ಬಂದು ಕೇಳಲಿಲ್ಲ. ಎರಡು ವರ್ಷಕ್ಕೆ ಕೆಮ್ಮು ಮರಳಿತು. ಈ ಸಲ ಅದೇ ಗುಳಿಗೆ, ಅದೇ ಸೂಜಿ ಏನೂ ಮಾಡಲಿಲ್ಲ. ನಾನು ಹತ್ತನೆಯ ಪರೀಕ್ಷೆ ಬರೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ರೋಗಾಣು ಔಷಧಕ್ಕೆ ಬಗ್ಗದ ಬಗೆಯದಾಗಿತ್ತೋ ಇಲ್ಲವೋ ಎಂಬುದನ್ನು ಯಾರೂ ಪರೀಕ್ಷಿಸಿರಲಿಲ್ಲ. ಆದ್ದರಿಂದ ನಾನು ಖಚಿತವಾಗಿ ಹೇಳಲಾರೆ. ಆದರೆ ದೊಡ್ಡಮ್ಮನಿಗೂ ಮುಂದೆ ಅದೇ ಕೆಮ್ಮು ಬಂದಿತೆಂಬುದನ್ನು ನೆನೆದರೆ ಫ್ಲೆಮಿಂಗರ ಗಂಡ ಹೆಂಡತಿಯರ ಕತೆ ನಮ್ಮ ಓಣಿಯಲ್ಲೇ ನಡೆದಂತಾಗುತ್ತದೆ.

ದೊಡ್ಡಪ್ಪನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ 1991ರಲ್ಲಿ ಮುಕುಂದ ಉಪ್ಲೇಕರ್ ಮತ್ತು ಡೊನಾಲ್ಡ್ ಶೆಪರ್ಡ್ ಪ್ರಕಟಿಸಿದ ಅಧ್ಯಯನವೊಂದಿದೆ. ಮುಂಬಯಿಯ ಕೊಳೆಗೇರಿಗಳಲ್ಲಿ ಕೆಲಸ ಮಾಡುವ ನೂರು ಮಂದಿ ಖಾಸಗಿ ವೈದ್ಯರಿಗೆ, ಕ್ಷಯರೋಗಿ ಬಂದರೆ ಏನು ಬರೆದುಕೊಡುತ್ತೀರಿ ಎಂದು ಕೇಳಿದರು. ಬಂದ ಉತ್ತರಗಳಲ್ಲಿ 80 ಬಗೆಯ ಬೇರೆ ಬೇರೆ ಔಷಧಕ್ರಮಗಳಿದ್ದವು. ಒಂದೇ ರೋಗ, ನೂರು ಲೇಖನಿ, ಎಂಬತ್ತು ಚಿಕಿತ್ಸೆ! ಬೀದರ ಜಿಲ್ಲೆಯ ಎಷ್ಟು ಕುಟುಂಬಗಳು ಬರಗಾಲ ಬಂದಾಗಲೆಲ್ಲ ಮುಂಬಯಿ, ಪುಣೆಗಳಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗಿಲ್ಲ? ಅಂಥ ಕೊಳೆಗೇರಿಗಳಲ್ಲಿಯೇ ಅವರ ಬಿಡಾರ. 1997ರಿಂದ ಸರ್ಕಾರದ ಪರಿಷ್ಕೃತ ಕಾರ್ಯಕ್ರಮ ಒಂದೇ ನಿಗದಿತ ಕ್ರಮವನ್ನು ತಂದಿತು, ಗುಳಿಗೆಯನ್ನು ಕಣ್ಣೆದುರೇ ನುಂಗಿಸುವ ಪದ್ಧತಿ ತಂದಿತು. 2012ರಲ್ಲಿ ಪ್ರತಿ ಕ್ಷಯರೋಗಿಯ ವಿವರವನ್ನು ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸಬೇಕೆಂದಾಯಿತು. ಲೇಖನಿಗೆ ಶಿಸ್ತು ತರಲು ಸಾಧ್ಯವೆಂಬುದಕ್ಕೆ ಕ್ಷಯವೇ ನಿದರ್ಶನ. ಎಷ್ಟು ನಿಧಾನ ಎಂಬುದಕ್ಕೂ ಅದೇ ನಿದರ್ಶನ.

ಇನ್ನೊಂದು ಜ್ವರದ ಮಾತು. ಉರ್ದುವಿನ ಪ್ರಭಾವದಿಂದ ನಮ್ಮ ಕಡೆಯ ಹಿರಿಯರು ಟೈಫಾಯಿಡನ್ನು ‘ಮುದ್ದತ್ತಿನ ಜ್ವರ’ ಎನ್ನುತ್ತಿದ್ದರು. ಮುದ್ದತ್ತು ಎಂದರೆ ಗಡುವು. ಅದು ತನ್ನ ವಾಯಿದೆ ಮುಗಿಸಿಯೇ ಇಳಿಯುವ ಜ್ವರ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದ ಮೇಲೆ ಆ ಗಡುವು ಕೆಲವೇ ದಿನಗಳಿಗೆ ಇಳಿಯಿತು. 1972ರಲ್ಲಿ ಕೇರಳದ ಕಲ್ಲಿಕೋಟೆಯಿಂದ ಪಣಿಕ್ಕರ್ ಮತ್ತು ವಿಮಲಾ ಎಂಬ ವಿಜ್ಞಾನಿಗಳು ಆ ಔಷಧಕ್ಕೆ ಬಗ್ಗದ ಟೈಫಾಯಿಡ್ ರೋಗಾಣುವನ್ನು ವರದಿ ಮಾಡಿದರು. ಆ ಗುಣ ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದು ಎಂಬುದು ಅದರಲ್ಲಿನ ಕಳವಳದ ಸಂಗತಿ. ಆಮೇಲಿನ ಕತೆ ಎಲ್ಲರಿಗೂ ಗೊತ್ತು. ತೊಂಬತ್ತರ ದಶಕದಲ್ಲಿ ಸಿಪ್ರೊಫ್ಲಾಕ್ಸಸಿನ್ ರಾಮಬಾಣವೆನಿಸಿತು. ಕೆಲವೇ ವರ್ಷಗಳಲ್ಲಿ ಬಾಣ ಮೊಂಡಾಯಿತು. 2016ರಲ್ಲಿ ಹೈದರಾಬಾದಿನಲ್ಲಿ (ನಮ್ಮದಲ್ಲ, ಪಾಕಿಸ್ತಾನದ ಸಿಂಧ್ ಪ್ರಾಂತದ್ದು) ಐದು ಬಗೆಯ ಔಷಧಗಳಿಗೂ ಬಗ್ಗದ ಟೈಫಾಯಿಡ್ ಕಾಣಿಸಿಕೊಂಡಿತು. ತಮಾಷೆಯೆಂದರೆ, ಬಳಸುವುದನ್ನು ಬಿಟ್ಟು ವರ್ಷಗಳಾದ ಮೇಲೆ ಹಳೆಯ ಕ್ಲೋರಾಂಫೆನಿಕಾಲ್ ನಮ್ಮ ದೇಶದ ಅನೇಕ ಕಡೆ ಮತ್ತೆ ಕೆಲಸ ಮಾಡತೊಡಗಿತು. ಬೀಳು ಬಿಟ್ಟ ಹೊಲ ಮತ್ತೆ ಬೆಳೆ ಕೊಟ್ಟಂತೆ.

ನಮ್ಮ ಊರುಗಳಲ್ಲಿ ಟೈಫಾಯಿಡ್ ಎಂಬುದು ಈಗ ಜ್ವರದ ಹೆಸರಿಗಿಂತ ಹೆಚ್ಚಾಗಿ ಒಂದು ಪರೀಕ್ಷೆಯ ಹೆಸರು. ಫರ್ನಾಂಡ್ ವಿಡಾಲ್ ಎಂಬಾತ 1896ರಲ್ಲಿ ರೂಪಿಸಿದ ವಿಡಾಲ್ ಪರೀಕ್ಷೆಯನ್ನು ಜ್ವರದ ಎರಡನೆಯ ದಿನವೇ ಮಾಡಿಸಿ, “ಪಾಯಿಂಟ್ ಏರ್‍ಯಾವ” ಎಂದು ಸಲಾಯಿನ್ ಏರಿಸುವುದನ್ನು ಎಲ್ಲರೂ ಕಂಡಿದ್ದೇವೆ. ಒಂದೇ ಸಲದ ವಿಡಾಲ್ ಪರೀಕ್ಷೆಯನ್ನು ನಂಬಲಾಗದು, ಖಚಿತವಾಗಬೇಕಾದರೆ ಔಷಧ ಕೊಡುವ ಮೊದಲೇ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡಬೇಕು ಎಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಆದರೆ ಅದಕ್ಕೆ ಎರಡು ಮೂರು ದಿನ ಬೇಕು. ದಿನಗೂಲಿಯವನಿಗೆ ಎರಡು ದಿನ ಎಂದರೆ ಎರಡು ದಿನದ ಊಟ.

ಬೀದರದಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೋದವರಿಗೆ ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಮೇಲೆ ಪಟಾನ್‌ಚೆರು ಬರುವುದು ಮೂಗಿನಿಂದಲೇ ತಿಳಿಯುತ್ತಿತ್ತು. ದೇಶ ವಿದೇಶಗಳಿಗೆ ಔಷಧ ತಯಾರಿಸುವ ಕಾರ್ಖಾನೆಗಳ ಸಾಲು ಅದು. 2007ರಲ್ಲಿ ಯೋಕಿಮ್ ಲಾರ್ಸನ್ ಮತ್ತಿತರ ಸ್ವೀಡನ್ ವಿಜ್ಞಾನಿಗಳು, ಸುಮಾರು 90 ತಯಾರಕರ ಕೊಳಚೆಯನ್ನು ಶುದ್ಧೀಕರಿಸುವ ಅಲ್ಲಿಯ ಘಟಕದಿಂದ ಹೊರಬೀಳುವ ನೀರನ್ನು ಪರೀಕ್ಷಿಸಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್! ಆ ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ. ಆ ನೀರು ಹಳ್ಳಗಳ ಮೂಲಕ ಸೇರುತ್ತಿದ್ದದ್ದು ಮಾಂಜ್ರಾ ನದಿಗೆ. ನಮ್ಮ ಭಾಲ್ಕಿ, ಔರಾದ ಸೀಮೆಯನ್ನು ತೋಯಿಸಿ ಕೆಳಗೆ ಹರಿದುಹೋಗುವ ಅದೇ ಮಾಂಜ್ರಾ. ನಾವು ಮೇಲಿದ್ದೇವೆ, ಅಷ್ಟೇ ಪುಣ್ಯ. ಕೋಳಿ ಸಾಕಣೆಯಲ್ಲಿ ಮರಿಗಳು ಬೇಗ ಬೆಳೆಯಲೆಂದು ಮೇವಿನಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಕೊನೆಯ ಅಸ್ತ್ರವನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಎಲ್ಲ ಹೊಣೆಯನ್ನೂ ವೈದ್ಯರ ಹೆಗಲಿಗೆ ಹೇರುವವರು ಇವನ್ನೂ ನೆನಪಿಟ್ಟುಕೊಳ್ಳಲಿ.

ಹಾಗಿದ್ದರೂ ಚೀಟಿ ಬರೆಯುವವರು ವೈದ್ಯರೇ. ಅವರ ಕೈಯನ್ನು ಹಿಡಿಯುವುದು ಹೇಗೆ? ನಮ್ಮ ದೇಶ ಮೊದಲು ನಂಬಿದ್ದು ಕಾಯಿದೆಯನ್ನು. 2010ರಲ್ಲಿ ‘ನವದೆಹಲಿ’ಯ ಹೆಸರು ಹೊತ್ತ ಎನ್‌ಡಿಎಂ-1 ಎಂಬ ಪ್ರತಿರೋಧದ ಸುದ್ದಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದಾಗ ದೇಶಕ್ಕೆ ಅವಮಾನವಾಯಿತೆಂದು ದೆಹಲಿಯಲ್ಲಿ ಗದ್ದಲವೆದ್ದಿತು. ಹೆಸರಿನ ಜಗಳ ಮುಗಿದ ಮೇಲೆ ಕೆಲಸ ಆರಂಭವಾಯಿತು. 2012ರ ಆಗಸ್ಟಿನಲ್ಲಿ ವೈದ್ಯಸಂಘಗಳು ಚೆನ್ನೈಯಲ್ಲಿ ಸೇರಿ ಒಂದು ಘೋಷಣೆ ಹೊರಡಿಸಿದವು. 2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ‘ಎಚ್-1’ ಅನುಸೂಚಿಯಲ್ಲಿ 46 ಔಷಧಗಳಿದ್ದವು. ಅವನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2016ರಲ್ಲಿ ಕೆಂಪು ಗೆರೆಯ ಪ್ರಚಾರ ಬಂತು: ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ, 2025ರ ನವೆಂಬರಿನಲ್ಲಿ ಅದರ ಎರಡನೆಯ ಕಂತು.

ನಮ್ಮ ಊರಿನವರೇ ಆದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕತೆಯನ್ನು ಈ ಭಾಗದ ಮಕ್ಕಳೆಲ್ಲ ಬಲ್ಲರು. ಹೊರಗೊಂದು ಫಲಕ, ಒಳಗೊಂದು ವ್ಯವಹಾರ. ಅವರು ಅದನ್ನು ಭಾಷೆಯನ್ನು ಉಳಿಸಲು ಮಾಡಿದರು. ನಮ್ಮ ಔಷಧದಂಗಡಿಗಳು ‘ಚೀಟಿಯಿಲ್ಲದೆ ಔಷಧ ಮಾರುವುದಿಲ್ಲ’ ಎಂಬ ಫಲಕದ ಕೆಳಗೆಯೇ ಎಲ್ಲವನ್ನೂ ಮಾರಿದವು. ಅಂಗಡಿಯವನನ್ನು ಬೈದೇನು ಫಲ? ಅವನೂ ಹೇಳುತ್ತಾನೆ: “ನಾ ಕೊಡದಿದ್ರ ಮುಂದಿನ ಅಂಗಡಿ ಅದ, ಅಲ್ಲೂ ಸಿಗದಿದ್ರ ಉದಗೀರ ರೈಲು ಅದ.” ಗಡಿಯೂರಿನಲ್ಲಿ ಕಾಯಿದೆಗೂ ಟಿಕೆಟಿಗೂ ಬಹಳ ದೂರವಿಲ್ಲ. ಆಮೇಲೆ ಕೊರೋನಾ ಬಂತು. ಅದಕ್ಕೂ ಮೊದಲೇ, 2019ರಲ್ಲಿಯೇ, ದೇಶದ ಖಾಸಗಿ ಮಾರುಕಟ್ಟೆಯಲ್ಲಿ ಅತಿಹೆಚ್ಚು ಖರ್ಚಾಗುತ್ತಿದ್ದ ಆಂಟಿಬಯೋಟಿಕ್ 500 ಮಿಲಿಗ್ರಾಮಿನ ಅಜಿತ್ರೊಮೈಸಿನ್ ಗುಳಿಗೆಯಾಗಿತ್ತು; ಕೊರೋನಾದ ಎರಡು ವರ್ಷಗಳಲ್ಲಿ ಅದರ ಹೆಸರು ಓದು ಬಾರದವರ ಬಾಯಲ್ಲಿಯೂ ತಪ್ಪಿಲ್ಲದೆ ಹೊರಳತೊಡಗಿತು.

ಬೇರೆ ದೇಶಗಳವರು ಕಾಯಿದೆಯ ಜೊತೆಗೆ ಮನವೊಲಿಕೆಯ ದಾರಿಯನ್ನೂ ಹಿಡಿದರು. ಸ್ವೀಡನ್ನಿನಲ್ಲಿ 1995ರಿಂದ ವೈದ್ಯರೇ ಊರೂರಿಗೆ ಗುಂಪು ಕಟ್ಟಿಕೊಂಡು ತಮ್ಮ ತಮ್ಮ ಚೀಟಿಗಳ ಲೆಕ್ಕ ನೋಡಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ 2014ರಲ್ಲಿ ಅಲ್ಲಿಯ ಮುಖ್ಯ ವೈದ್ಯಾಧಿಕಾರಿ, ಅತಿ ಹೆಚ್ಚು ಆಂಟಿಬಯೋಟಿಕ್ ಬರೆಯುವ ಚಿಕಿತ್ಸಾಲಯಗಳಿಗೆ ಒಂದು ಪತ್ರ ಬರೆದರು. ಬೈಗುಳವಿಲ್ಲ, ದಂಡವಿಲ್ಲ, ನಿಮ್ಮ ಪ್ರದೇಶದ ನೂರಕ್ಕೆ ಎಂಬತ್ತು ಚಿಕಿತ್ಸಾಲಯಗಳು ನಿಮಗಿಂತ ಕಡಿಮೆ ಬರೆಯುತ್ತಿವೆ ಎಂಬ ಒಂದು ಮಾತು, ಅಷ್ಟೆ. ಆರು ತಿಂಗಳಲ್ಲಿ ಶೇಕಡಾ 3.3ರಷ್ಟು ಬಳಕೆ ಇಳಿಯಿತು. ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಎಣಿಸಿದರೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಚೀಟಿಗಳು. ಖರ್ಚು ಅಂಚೆಯದು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ವೈದ್ಯರು ‘ಅನಗತ್ಯವಾಗಿ ಆಂಟಿಬಯೋಟಿಕ್ ಬರೆಯುವುದಿಲ್ಲ’ ಎಂಬ ಮಾತಿಗೆ ಸಹಿ ಹಾಕಿ, ತಮ್ಮ ಭಾವಚಿತ್ರದೊಂದಿಗೆ ಅದನ್ನು ಪರೀಕ್ಷಾ ಕೋಣೆಯ ಗೋಡೆಗೆ ಅಂಟಿಸಿಕೊಂಡರು. ಅನಗತ್ಯ ಚೀಟಿಗಳು ಗಣನೀಯವಾಗಿ ತಗ್ಗಿದವೆಂದು 2014ರಲ್ಲಿ ವರದಿಯಾಯಿತು. ಹುಡುಗರಿಂದ ತರಗತಿಯ ಗೋಡೆಗೆ ಪ್ರತಿಜ್ಞೆ ಬರೆಸಿ ಅಂಟಿಸುತ್ತಿದ್ದ ಮಾಸ್ತರನಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ನಮ್ಮಲ್ಲಿ ಧಾರವಾಡದ ಡ್ರಗ್ ಆಕ್ಷನ್ ಫೋರಂನ ಡಾ. ಗೋಪಾಲ ದಾಬಡೆ ಅವರಂಥವರು ಔಷಧಗಳ ವಿವೇಕಯುತ ಬಳಕೆಯ ಬಗೆಗೆ ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. 2024ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯಕೀಯ ಕಾಲೇಜುಗಳ ವೈದ್ಯರಿಗೂ ವೈದ್ಯಸಂಘಗಳಿಗೂ ಬರೆದ ಪತ್ರದಲ್ಲಿ, ಆಂಟಿಬಯೋಟಿಕ್ ಬರೆದಾಗಲೆಲ್ಲ ಯಾವ ಕಾರಣಕ್ಕೆ ಎಂಬುದನ್ನು ಚೀಟಿಯಲ್ಲಿ ನಮೂದಿಸಬೇಕೆಂದು ಕೋರಿದರು. ನನಗೆ ಈ ಸೂಚನೆ ಬಹಳ ಹಿಡಿಸಿತು. ಗಣಿತದಲ್ಲಿ ಬರಿಯ ಉತ್ತರ ಬರೆದರೆ ಅಂಕವಿಲ್ಲ, ಲೆಕ್ಕ ಮಾಡಿದ ಕ್ರಮ ತೋರಿಸು ಎನ್ನುವುದಿಲ್ಲವೇ, ಹಾಗೆ.

ಈ ಪತ್ರದ ಸುದ್ದಿ ಓದಿದ ಮೇಲೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಸೀಮೆಯಲ್ಲಿಯೇ ವೈದ್ಯೆಯಾಗಿರುವುದರಿಂದ, ಅವಳನ್ನು ಕೇಳಿದೆ. “ಎಲ್ಲಾ ಓದಿದವರೇ ಇದ್ದೀರಿ. ಯಾಕವ್ವ ಹಿಂಗ ಬರೀತೀರಿ?” ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: “ಗುರುಗಳೇ, ಮುಂಜಾನಿಂದ ಸಂಜಿತನಕ ನೂರು ಮಂದಿ ನೋಡತೀನ್ರಿ. ಒಬ್ಬೊಬ್ಬರಿಗೆ ಮೂರು ನಿಮಿಷ. ಚೀಟಿ ಬರಿಯೋದಕ್ಕ ಅರ್ಧ ನಿಮಿಷ ಸಾಕು. ಯಾಕ ಬ್ಯಾಡ ಅಂತ ತಿಳಿಸಿ ಹೇಳೋದಕ್ಕ ಹತ್ತು ನಿಮಿಷ ಬೇಕು. ಹೇಳಿದ ಮ್ಯಾಲೂ, ಸೂಜಿ ಹಾಕದಾಕಿ ಎಂಥ ಡಾಕ್ಟರ್ ಅಂತ ಉದಗೀರಕ್ಕ ಹೋಗತಾರ. ಅಲ್ಲಿ ಎರಡು ಸೂಜಿ ಹಾಕಿಸ್ಕೊಂಡು ಬಂದು ನನಗ ತೋರಸ್ತಾರ. ವೈರಲ್ ಜ್ವರ ತಾನಾಗೇ ಇಳದಿರತದ. ಹೆಸರು ಸೂಜಿಗಿ ಬರತದ.” ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದಳು. “ಒಂದ್ಸಲ ಬರೀಲಿಲ್ಲ. ಆ ಕೂಸಿಗೆ ನ್ಯುಮೋನಿಯಾ ಆತು. ಉಳೀತು ಖರೆ, ಆದ್ರ ಆ ರಾತ್ರಿ ನಾ ಮಲಗಿಲ್ಲ. ಹೆದರಿಕಿಗೂ ಬರೀತೀವ್ರಿ.”

ಆ ಹೆದರಿಕೆಗೆ ನನ್ನ ಬಳಿ ಉತ್ತರವಿರಲಿಲ್ಲ. ಕಮಲನಗರ ಈಚೆಗಷ್ಟೇ ತಾಲ್ಲೂಕು ಕೇಂದ್ರವಾದ, ಅದುವರೆಗೆ ಔರಾದ ತಾಲ್ಲೂಕಿಗೆ ಸೇರಿದ್ದ ಊರು. ಬೀದರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದದ್ದೇ 2007ರಲ್ಲಿ. ರೋಗಾಣುವನ್ನು ಬೆಳೆಸಿ ನೋಡುವ ಪ್ರಯೋಗಾಲಯ ಹತ್ತಿರದಲ್ಲಿ ಇದ್ದು, ಅದರ ವರದಿ ಬೇಗ ಸಿಕ್ಕರೆ ಅವಳ ಹೆದರಿಕೆ ಅರ್ಧವಾದೀತು. ಬೆಂಗಳೂರಿನಿಂದ ಬರುವ ಸುತ್ತೋಲೆ ಅದನ್ನು ಕಡಿಮೆ ಮಾಡಲಾರದು. ನನ್ನ ಅಭಿಪ್ರಾಯವಿದು, ತಪ್ಪಿದ್ದರೆ ತಿದ್ದಿ.

ಒಂದು ತಿದ್ದುಪಡಿಯನ್ನು ನಾನೇ ಮಾಡಿಕೊಳ್ಳಬೇಕಾಗಿದೆ. ‘ಶುರು ಮಾಡಿದ ಆಂಟಿಬಯೋಟಿಕ್ಕನ್ನು ಕೊನೆಯ ಗುಳಿಗೆಯವರೆಗೂ ಮುಗಿಸಬೇಕು’ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಕ್ಷಯದ ಮಟ್ಟಿಗೆ ಅದು ಅಕ್ಷರಶಃ ನಿಜ. ಆದರೆ ಬೇರೆ ಅನೇಕ ಸಾಮಾನ್ಯ ಸೋಂಕುಗಳಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ದಿನ ನುಂಗುವುದೇ ಪ್ರತಿರೋಧಕ್ಕೆ ದಾರಿ, ಕಡಿಮೆ ದಿನದ ಚಿಕಿತ್ಸೆಯೇ ಸಾಕಾಗಬಹುದು ಎಂದು 2017ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ತಜ್ಞರು ವಾದಿಸಿದರು. ಎಷ್ಟು ದಿನ ಎಂಬುದನ್ನು ವೈದ್ಯರು ತೀರ್ಮಾನಿಸಬೇಕು, ನಾವು ಕೇಳಿ ತಿಳಿದುಕೊಳ್ಳಬೇಕು. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಆ ಒಂದು ಪಾಠವನ್ನು ಹೀಗೆ ತಿದ್ದಿಕೊಳ್ಳಲಿ.

2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಸಾವುಗಳಿಗೆ ಔಷಧಕ್ಕೆ ಬಗ್ಗದ ರೋಗಾಣುಗಳೇ ನೇರ ಕಾರಣ ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂದಾಜು ಪ್ರಕಟವಾಯಿತು. ಅದೇ 2019ರ ಚಳಿಗಾಲದಲ್ಲಿ ನನ್ನ ಮನೆಯಾಕೆಯ ವರದಿಯಲ್ಲಿ ಮೂರು ‘ಎಸ್’ ಉಳಿದಿದ್ದವು. ಆ ಕಾಗದವನ್ನು ನಾನು ನಮ್ಮ ಜಮೀನಿನ ಪಹಣಿಯ ಜೊತೆಗೆ ಟ್ರಂಕಿನಲ್ಲಿ ಇಟ್ಟಿದ್ದೇನೆ. ಮುಂದೆ ಯಾವ ವೈದ್ಯರು ಕೇಳಿದರೂ ತೋರಿಸಬೇಕಲ್ಲ.

ಕಳೆದ ಮಳೆಗಾಲದಲ್ಲಿ ಮೊಮ್ಮಗನಿಗೆ ಜ್ವರ, ಮೂಗು ಸೋರಿಕೆ. ನನ್ನ ಅದೇ ವಿದ್ಯಾರ್ಥಿನಿಯ ಬಳಿಗೆ ಕರೆದೊಯ್ದೆ. ಎದೆಗೆ ಕೊಳವೆ ಇಟ್ಟು ನೋಡಿದಳು, ಉಸಿರು ಎಣಿಸಿದಳು, ಕಿವಿ ಗಂಟಲು ನೋಡಿದಳು. ಚೀಟಿಯಲ್ಲಿ ಪ್ಯಾರಾಸಿಟಮಾಲ್ ಒಂದನ್ನೇ ಬರೆದು, ಕೆಳಗೆ ಕನ್ನಡದಲ್ಲಿ ದುಂಡಗೆ ಬರೆದಳು: ‘ವೈರಲ್ ಜ್ವರ. ಆಂಟಿಬಯೋಟಿಕ್ ಬೇಡ. ಮೂರು ದಿನಕ್ಕೆ ಇಳಿಯದಿದ್ದರೆ ಅಥವಾ ಉಸಿರು ಏರಿದರೆ ತಕ್ಷಣ ಕರೆತನ್ನಿ.’ ಹೊರಗೆ ಬಂದಾಗ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು, “ಸೂಜಿ ಹಾಕಲಿಲ್ಲೇನ್ರಿ ಮಾಸ್ತರ?” ಇಲ್ಲವೆಂದು ಚೀಟಿ ತೋರಿಸಿದೆ. ಕನ್ನಡದಲ್ಲಿದ್ದುದರಿಂದ ಅವರು ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದರು. ಏನನ್ನೂ ಹೇಳದೆ ಮಡಚಿ ನನ್ನ ಕೈಗೆ ಮರಳಿಸಿದರು. ಮೊಮ್ಮಗನ ಜ್ವರ ಎರಡು ದಿನ ಬಿಡಲಿಲ್ಲ. ಎರಡನೆಯ ರಾತ್ರಿ ನಾನೂ ಅವಳ ಹಾಗೆಯೇ ನಿದ್ದೆಗೆಟ್ಟು, ಹುಡುಗನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತ ಕುಳಿತಿದ್ದೆ. ಮೂರನೆಯ ಬೆಳಿಗ್ಗೆ ಅವನು ಎದ್ದು ಬಿಸಿ ರೊಟ್ಟಿ ಕೇಳಿದ.